ಚಿಕ್ಕ ಮಕ್ಕಳಿಗೆ ಕ್ರಿಸ್‌ಮಸ್ ಸಿನಿಮಾ ಆರಿಸುವುದು ಹೇಗೆ? ಚಿಕ್ಕಮಗಳೂರು ಕಡೆಯ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಪೋಸ್ಟರ್ ಮೇಲೆ ಹಸಿರು ಮರ, ಕೆಂಪು ಟೋಪಿ, ಉದುರುವ ಹಿಮ ಇದ್ದ ಮಾತ್ರಕ್ಕೆ ಅದು ಮಕ್ಕಳ ಸಿನಿಮಾ ಅಂತ ನಂಬಬೇಡಿ. ಟಿವಿಯಲ್ಲಿ ಕ್ರಿಸ್‌ಮಸ್ ಅಂತ ಹುಡುಕಿದರೆ ಕಾರ್ಟೂನು, ದೊಡ್ಡವರ ಪ್ರೇಮಕಥೆ, ಗುಂಡಿನ ಕಾಳಗ, ದೆವ್ವದ ಕಥೆ ಎಲ್ಲ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ. ಮಗು ಪಕ್ಕದಲ್ಲಿ ಕುಣಿಯುತ್ತಿರುತ್ತದೆ, ಒಳಗೆ ಕುಕ್ಕರ್ ಮೂರನೇ ಸೀಟಿ ಹೊಡೆದಿರುತ್ತದೆ, ನಾವು ಮೊದಲು ಕಂಡದ್ದನ್ನು ಒತ್ತಿ ಅಡುಗೆಮನೆಗೆ ಓಡುತ್ತೇವೆ. ರಾತ್ರಿ ಎರಡು ಗಂಟೆಗೆ ಮಗು ಎದ್ದು ಅಳುವುದು ಇದರಿಂದಲೇ.

ಈ ಬರಹ ಮೂರರಿಂದ ಎಂಟು ವರ್ಷದ ಮಕ್ಕಳಿರುವ ಮನೆಗಳಿಗೆ. ಗೋದಲಿ ಕಟ್ಟಿ, ಕುಸ್ವಾರ್ ಅನ್ನುವ ಹಬ್ಬದ ತಿಂಡಿ ಮಾಡಿ, ರಾತ್ರಿ ಬಲಿಪೂಜೆಗೆ ಹೋಗುವ ಮನೆಯಾದರೂ ಸರಿ, ಪಕ್ಕದ ಮನೆಯವರು ಕೊಟ್ಟ ಪ್ಲಮ್ ಕೇಕ್ ತಿಂದು ಹಬ್ಬ ಮಾಡುವ ಮನೆಯಾದರೂ ಸರಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಹೆಸರು ಹೇಳುವ ದೊಡ್ಡ ಸಿನಿಮಾಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮಾತು ಕಡಿಮೆ ಇರುವ, ಅರ್ಧ ಗಂಟೆಗೆ ಮುಗಿಯುವ ಚಿತ್ರದಿಂದ ಶುರು ಮಾಡಿ.

1. ಮೊದಲು ಮಗುವಿನ ಭಯಗಳ ಪಟ್ಟಿ ಮಾಡಿ

ಯಾವ ವಯಸ್ಸಿಗೆ ಯಾವ ಸಿನಿಮಾ ಅಂತ ಕೇಳುವ ಮೊದಲು, ನಿಮ್ಮ ಮಗು ಯಾವುದಕ್ಕೆ ಹೆದರುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕತ್ತಲೆ, ನಾಯಿ, ಮುಖವಾಡ, ಯಾರಾದರೂ ಜೋರಾಗಿ ಕೂಗುವುದು, ಬಲೂನು ಒಡೆಯುವುದು, ಅಮ್ಮ ಕಣ್ಣಿಗೆ ಕಾಣದೆ ಹೋಗುವುದು. ಜಾತ್ರೆಯಲ್ಲಿ ವೇಷ ಹಾಕಿದವರನ್ನು ಕಂಡು ಅತ್ತಿತ್ತಾ? ಅದನ್ನೂ ಬರೆಯಿರಿ. ಈ ವರ್ಷ ಮನೆಯಲ್ಲಿ ಅಜ್ಜನೋ ಅಜ್ಜಿಯೋ ತೀರಿಕೊಂಡಿದ್ದರೆ, ಸಾಕಿದ ನಾಯಿ ಸತ್ತಿದ್ದರೆ, ಅದು ಪಟ್ಟಿಯ ಮೊದಲ ಸಾಲಿಗೆ ಬರಲಿ.

ಭಯ ವಯಸ್ಸಿನ ಜೊತೆ ಬದಲಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆನ್ ಕ್ಯಾಂಟರ್ ಟಿವಿ ನೋಡಿ ಮಕ್ಕಳು ಯಾಕೆ ಹೆದರುತ್ತಾರೆ ಅನ್ನುವುದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. 1980ರ ದಶಕದ ಅವರ ಕೆಲಸದಲ್ಲಿ ಕಂಡದ್ದು ಇದು. ಶಾಲೆ ಸೇರದ ಪುಟ್ಟ ಮಕ್ಕಳು ಹೆದರುವುದು ಕಣ್ಣಿಗೆ ಕಾಣುವ ರೂಪಕ್ಕೆ, ಅದರಲ್ಲೂ ರೂಪ ಬದಲಾಗುವುದಕ್ಕೆ. ಹಲ್ಕ್ ಧಾರಾವಾಹಿಯಲ್ಲಿ ಸಾಮಾನ್ಯ ಮನುಷ್ಯ ಹಸಿರು ದೈತ್ಯನಾಗುವ ಹೊತ್ತೇ ಅವರಿಗೆ ಜಾಸ್ತಿ ಭಯ. ಆ ದೈತ್ಯ ಒಳ್ಳೆಯವರನ್ನು ಕಾಪಾಡಲು ಬಂದವನು ಅನ್ನುವುದು ಆ ವಯಸ್ಸಿಗೆ ಲೆಕ್ಕಕ್ಕೇ ಇಲ್ಲ. ಏಳೆಂಟು ವರ್ಷ ದಾಟಿದವರು ಇಂಥದ್ದಕ್ಕೆ ನಗುತ್ತಾರೆ. ಅವರು ಹೆದರುವುದು ನಿಜವಾಗಿಯೂ ನಡೆಯಬಹುದಾದ ಸಂಗತಿಗೆ: ಕಳ್ಳ, ಬೆಂಕಿ, ಅಪ್ಪ ಅಮ್ಮ ಕಳೆದುಹೋಗುವುದು.

ಈಗ 1990ರ ‘ಹೋಮ್ ಅಲೋನ್’ ತೆಗೆದುಕೊಳ್ಳಿ. ಕ್ರಿಸ್‌ಮಸ್ ಸಿನಿಮಾ ಅಂದ ತಕ್ಷಣ ಎಲ್ಲರ ಬಾಯಲ್ಲಿ ಬರುವ ಹೆಸರು ಇದೇ ಅಲ್ವಾ? ಎಂಟು ವರ್ಷದ ಹುಡುಗನನ್ನು ಮನೆಯವರು ಮರೆತು ವಿಮಾನ ಹತ್ತುತ್ತಾರೆ, ಇಬ್ಬರು ಕಳ್ಳರು ಮನೆಗೆ ನುಗ್ಗಲು ಬರುತ್ತಾರೆ. ಕೊನೆಯಲ್ಲಿ ಒಬ್ಬನ ತಲೆಗೆ ಬೆಂಕಿ ತಗಲುತ್ತದೆ, ಇನ್ನೊಬ್ಬನ ಪಾದಕ್ಕೆ ಮೊಳೆ ಚುಚ್ಚುತ್ತದೆ, ಮುಖದ ಮೇಲೆ ಇಸ್ತ್ರಿಪೆಟ್ಟಿಗೆ ಬೀಳುತ್ತದೆ. ನಾಲ್ಕು ವರ್ಷದ ಮಗು ಇದನ್ನು ನೋಡಿ ಬಿದ್ದುಬಿದ್ದು ನಗಬಹುದು, ಮಾರನೇ ದಿನ ತಮ್ಮನ ಮೇಲೆ ಪ್ರಯೋಗಕ್ಕೂ ಇಳಿಯಬಹುದು. ಎಂಟು ವರ್ಷದ ಅಕ್ಕ ಮಾತ್ರ, ಅದೂ ತೋಟದ ನಡುವಿನ ಒಂಟಿ ಮನೆಯಲ್ಲಿ ಮಲಗುವವಳು, ಚಿಲಕ ಹಾಕಿದ್ದೀರಾ ಅಂತ ಒಂದು ವಾರ ಕೇಳುತ್ತಾಳೆ. ಒಳ್ಳೆಯ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಂಟರ ನಂತರ, ಮಗುವನ್ನು ನೋಡಿಕೊಂಡು.

2. ಸರ್ಟಿಫಿಕೇಟ್ ಓದಿ, ಆದರೆ ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ

ನಮ್ಮಲ್ಲಿ ನೆಟ್‌ಫ್ಲಿಕ್ಸ್‌ನಂಥ ಒಟಿಟಿಯವರು 2021ರ ನಿಯಮದಂತೆ ಯು, ಯು/ಎ 7+, ಯು/ಎ 13+, ಯು/ಎ 16+, ಎ ಅಂತ ವಿಂಗಡಿಸಿ ತೋರಿಸಬೇಕು. ಚಿತ್ರಮಂದಿರದ ಸಿನಿಮಾಗಳಿಗೂ 2024ರ ನಿಯಮದಲ್ಲಿ ಇಂಥದೇ ವಯಸ್ಸಿನ ಭಾಗಗಳು ಬಂದಿವೆ. ಶುರುವಾಗುವ ಮುಂಚೆ ಪರದೆಯ ಮೂಲೆಯಲ್ಲಿ ಇದು ಬಂದು ಹೋಗುತ್ತದೆ. ಚಿಕ್ಕವರಿಗೆ ಯು ಅಥವಾ ಯು/ಎ 7+ ಸಾಕು, ಅದರ ಮೇಲಿನದ್ದನ್ನು ಕ್ರಿಸ್‌ಮಸ್ ಹೆಸರಲ್ಲಿ ಒಳಗೆ ಬಿಟ್ಟುಕೊಳ್ಳಬೇಡಿ.

ಬ್ರಿಟನ್ನಿನ ಗುರುತುಗಳು ನನಗೆ ಇನ್ನೂ ಸ್ಪಷ್ಟ ಅನ್ನಿಸುತ್ತವೆ. ಅವರ ಯು ಅಂದರೆ ನಾಲ್ಕು ವರ್ಷ ಮತ್ತು ಮೇಲಿನವರಿಗೆ ಹೊಂದುವಂಥದ್ದು. ಪಿಜಿ ಅಂದರೆ ಸುಮಾರು ಎಂಟು ವರ್ಷದ ಮಗುವಿನ ಮನಸ್ಸು ಕಲಕದಂಥದ್ದು. ಅಂದರೆ ಐದರ ಮಗುವಿಗೆ ಪಿಜಿ ಸಿನಿಮಾ ಹಾಕುವಾಗ ನೀವು ಪಕ್ಕದಲ್ಲಿ ಇರಲೇಬೇಕು.

ಅಮೆರಿಕದ ಗುರುತು ನೋಡುವವರು ವರ್ಷವನ್ನೂ ನೋಡಿ. ಅಲ್ಲಿ ಹದಿಮೂರರೊಳಗಿನವರ ಬಗ್ಗೆ ಎಚ್ಚರಿಸುವ ಪಿಜಿ-13 ಅನ್ನುವ ದರ್ಜೆ ಬಂದದ್ದೇ 1984ರ ಜುಲೈನಲ್ಲಿ. ಬರಲು ಒಂದು ಕಾರಣ ಆ ವರ್ಷದ ‘ಗ್ರೆಮ್ಲಿನ್ಸ್’. ಕ್ರಿಸ್‌ಮಸ್ ಉಡುಗೊರೆಯಾಗಿ ಬಂದ ಮುದ್ದು ಪ್ರಾಣಿಯಿಂದ ಶುರುವಾಗಿ, ಹಲ್ಲು ಕಿಸಿಯುವ ರಾಕ್ಷಸ ಮರಿಗಳು ಊರು ಹಾಳು ಮಾಡುವ ಕಥೆ. ಕ್ರಿಸ್‌ಮಸ್ ತಾತ ಸಾಂತಾ ನಿಜವಲ್ಲ ಅನ್ನುವ ಗುಟ್ಟೂ ಅದರಲ್ಲಿ ಬಯಲಾಗುತ್ತದೆ. ಅದಕ್ಕೆ ಇವತ್ತಿಗೂ ಇರುವುದು ಬರೀ ಪಿಜಿ. ಹಳೆಯ ಸಿನಿಮಾದ ಪಿಜಿಗೂ ಇವತ್ತಿನ ಪಿಜಿಗೂ ತುಂಬಾ ವ್ಯತ್ಯಾಸ ಇರುತ್ತದೆ.

ಇನ್ನೊಂದು ಜೋಡಿ ನೋಡಿ. 2004ರ ‘ದ ಪೋಲಾರ್ ಎಕ್ಸ್‌ಪ್ರೆಸ್’ ಚಿತ್ರಕ್ಕೆ ಅಮೆರಿಕದಲ್ಲಿ ಜಿ ಸಿಕ್ಕಿದೆ, ಅಂದರೆ ಎಲ್ಲರೂ ನೋಡಬಹುದು. 2011ರ ‘ಆರ್ಥರ್ ಕ್ರಿಸ್‌ಮಸ್’ಗೆ ಪಿಜಿ. ಆದರೆ ಮೊದಲನೆಯದರಲ್ಲಿ ರೈಲು ಹಿಮಗಡ್ಡೆಯ ಮೇಲೆ ಜಾರಿ ಹಳಿ ತಪ್ಪುತ್ತದೆ, ಕತ್ತಲ ಡಬ್ಬಿಯಲ್ಲಿ ಮುರಿದ ಗೊಂಬೆಗಳು ನೇತಾಡುತ್ತವೆ, ನಟರ ಚಲನೆಯನ್ನು ಕಂಪ್ಯೂಟರಿಗೆ ಇಳಿಸಿ ಮಾಡಿದ ಆ ಮುಖಗಳ ಕಣ್ಣುಗಳೇ ಒಂಥರಾ ಇವೆ. ಎರಡನೆಯದರಲ್ಲಿ ಇರುವುದು ಸ್ವಲ್ಪ ತರಲೆ ಹಾಸ್ಯ, ಅಷ್ಟೇ. ಐದು ವರ್ಷದ ಅಂಜುಬುರುಕ ಮಗುವಿಗೆ ನಾನು ಪಿಜಿ ಇರುವುದನ್ನೇ ಹಾಕುತ್ತೇನೆ.

3. ಭಾಷೆಯ ವಿಷಯ

ಬೇರೆ ಊರಿನವರ ಪಟ್ಟಿಗಳು ನಮಗೆ ಕೈಕೊಡುವುದು ಇಲ್ಲಿ. ಹೊರದೇಶದ ಕ್ರಿಸ್‌ಮಸ್ ಸಿನಿಮಾಗಳಿಗೆ ಕನ್ನಡ ಧ್ವನಿ ಸಿಗುವುದು ಅಪರೂಪ. ಹಿಂದಿ, ತಮಿಳು, ತೆಲುಗು ಇರಬಹುದು. ಕೆಳಗೆ ಬರುವ ಅಕ್ಷರ ಐದು ವರ್ಷದ ಮಗುವಿಗೆ ಯಾವ ಭಾಷೆಯಲ್ಲಿದ್ದರೂ ಒಂದೇ, ಓದಲು ಬರುವುದಿಲ್ಲ. ಇಂಗ್ಲಿಷ್ ಮೀಡಿಯಂ ಮಗು ಅಂತ ಧೈರ್ಯ ಮಾಡಬೇಡಿ. ಶಾಲೆಯ ಇಂಗ್ಲಿಷ್ ಬೇರೆ, ಬ್ರಿಟಿಷ್ ಕಾರ್ಟೂನಿನ ಪಾತ್ರಗಳು ಪಟಪಟ ಮಾತಾಡುವ ಇಂಗ್ಲಿಷ್ ಬೇರೆ. ಮಾತು ಅರ್ಥವಾಗದ ಮಗುವಿಗೆ ಭಯದ ದೃಶ್ಯ ಇನ್ನಷ್ಟು ಭಯ ಹುಟ್ಟಿಸುತ್ತದೆ, ಯಾಕೆಂದರೆ ಅದಕ್ಕೆ ಮುಂಚೆ ಬಂದ ಸಮಾಧಾನದ ಮಾತು ಕಿವಿಗೆ ಬಿದ್ದೇ ಇರುವುದಿಲ್ಲ.

ಆದ್ದರಿಂದ ಮಾತೇ ಇಲ್ಲದ ಸಿನಿಮಾಗಳನ್ನು ಹುಡುಕಿ. 1982ರ ಬ್ರಿಟಿಷ್ ಚಿತ್ರ ‘ದ ಸ್ನೋಮ್ಯಾನ್’ 26 ನಿಮಿಷದ್ದು. ಹುಡುಗ ಹಿಮದ ಗೊಂಬೆ ಮಾಡುತ್ತಾನೆ, ರಾತ್ರಿ ಅದಕ್ಕೆ ಜೀವ ಬರುತ್ತದೆ, ಇಬ್ಬರೂ ಮನೆಯೊಳಗೆಲ್ಲ ಓಡಾಡಿ ಆಮೇಲೆ ಆಕಾಶದಲ್ಲಿ ಹಾರಿ ಕ್ರಿಸ್‌ಮಸ್ ತಾತನ ಹತ್ತಿರ ಹೋಗುತ್ತಾರೆ. ಕಥೆಯಲ್ಲಿ ಸಂಭಾಷಣೆ ಇಲ್ಲ, ನಡುವೆ ಒಂದು ಹಾಡು ಬರುತ್ತದೆ, ಉಳಿದದ್ದೆಲ್ಲ ಸಂಗೀತ. ಬಣ್ಣದ ಪೆನ್ಸಿಲ್‌ನಲ್ಲಿ ಬಿಡಿಸಿದಂತಿರುವ ಅದರ ಚಿತ್ರಗಳು ಈಗಿನ ಕಣ್ಣು ಕುಕ್ಕುವ ಕಾರ್ಟೂನುಗಳ ನಡುವೆ ತುಂಬಾ ಹಾಯೆನಿಸುತ್ತವೆ. ಒಂದೇ ಎಚ್ಚರಿಕೆ: ಬೆಳಗ್ಗೆ ಎದ್ದಾಗ ಗೊಂಬೆ ಕರಗಿಹೋಗಿರುತ್ತದೆ, ಚಿತ್ರ ಅಲ್ಲಿಗೆ ಮುಗಿಯುತ್ತದೆ, ಸಮಾಧಾನ ಹೇಳುವವರು ಯಾರೂ ಬರುವುದಿಲ್ಲ. ಒಂದನೇ ಹಂತದ ಪಟ್ಟಿಯಲ್ಲಿ ಸಾವು ಇದ್ದರೆ ಈ ವರ್ಷ ಬಿಡಿ. ಇಲ್ಲದಿದ್ದರೆ ಗೊಂಬೆ ಕೊನೆಗೆ ಕರಗುತ್ತದೆ ಅಂತ ಮೊದಲೇ ಹೇಳಿ ಕೂರಿಸಿ. ಕೊನೆ ಗೊತ್ತಾದರೆ ಮಜಾ ಹೋಗುತ್ತದೆ ಅನ್ನುವುದು ದೊಡ್ಡವರ ಚಿಂತೆ, ಪುಟ್ಟವರಿಗೆ ಗೊತ್ತಿರುವ ಕಥೆಯೇ ಜಾಸ್ತಿ ಇಷ್ಟ.

ಇನ್ನೊಂದು, 2021ರ ‘ಶಾನ್ ದ ಶೀಪ್: ದ ಫ್ಲೈಟ್ ಬಿಫೋರ್ ಕ್ರಿಸ್‌ಮಸ್’. ಅರ್ಧ ಗಂಟೆ. ಕುರಿಗಳ ಹಿಂಡು, ಒಬ್ಬ ರೈತ, ಒಂದು ನಾಯಿ. ಪಾತ್ರಗಳು ಗೊಣಗುತ್ತವೆ, ಅರಚುತ್ತವೆ, ಭಾಷೆ ಮಾತಾಡುವುದಿಲ್ಲ. ಮರಿ ಕುರಿ ಕಳೆದುಹೋಗುವ ಭಾಗ ಇದೆ, ಆದರೆ ಬೇಗ ನಗು ಬಂದು ಮುಚ್ಚಿಕೊಳ್ಳುತ್ತದೆ. ಕಡೂರು ಕಡೆ ಮನೆಯಲ್ಲೇ ಕುರಿ ಇರುವ ಮಕ್ಕಳು ಇದನ್ನು ನೋಡುತ್ತಾ ನಮ್ಮ ಕುರಿ ಹೀಗೆ ಮಾಡುವುದಿಲ್ಲ ಅಂತ ತಕರಾರು ತೆಗೆಯಬಹುದು, ತೆಗೆಯಲಿ.

ಮಾತಿರುವ ಸಿನಿಮಾ ಹಾಕಲೇಬೇಕೆಂದರೆ ಕಥೆ ಹೇಳುವವರು ಒಬ್ಬರು ಬೇಕು. ಹಿಂದಿನ ದಿನ ರಾತ್ರಿ ಮಲಗುವಾಗ ಇಡೀ ಕಥೆಯನ್ನು ಕನ್ನಡದಲ್ಲಿ ಹೇಳಿಬಿಡಿ. ಸಿನಿಮಾ ಓಡುವಾಗ ಸದ್ದು ಸ್ವಲ್ಪ ತಗ್ಗಿಸಿ, ಬೇಕಾದ ಕಡೆ ಒಂದೊಂದು ವಾಕ್ಯ ಸೇರಿಸಿ. ಅಜ್ಜಿ ಇದ್ದರೆ ಈ ಕೆಲಸ ಅವರಿಗೆ ಕೊಡಿ. ಅಜ್ಜಿಗೂ ಇಂಗ್ಲಿಷ್ ಬರದಿದ್ದರೆ ಇನ್ನೂ ಒಳ್ಳೆಯದು, ಇಬ್ಬರೂ ಸೇರಿ ಚಿತ್ರ ನೋಡಿ ತಮ್ಮದೇ ಕಥೆ ಕಟ್ಟುತ್ತಾರೆ. ಮನೆ ಮೇಲೆ ಹೊಗೆಗೂಡು ಯಾಕಿದೆ, ಆ ಬಿಳಿ ಪುಡಿ ಏನು, ಜಿಂಕೆ ಹೇಗೆ ಹಾರಿತು, ಪ್ರಶ್ನೆಗಳು ಬರುತ್ತಲೇ ಇರುತ್ತವೆ. ನಿಲ್ಲಿಸಿ ಉತ್ತರ ಕೊಡಿ.

4. ಎಷ್ಟು ಹೊತ್ತು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಎರಡು ವರ್ಷದೊಳಗಿನ ಕೂಸಿಗೆ ಬೇಡವೇ ಬೇಡ. ‘ಹೋಮ್ ಅಲೋನ್’ 103 ನಿಮಿಷ, ‘ಪೋಲಾರ್ ಎಕ್ಸ್‌ಪ್ರೆಸ್’ ಸುಮಾರು 100. ನಾಲ್ಕು ವರ್ಷದ ಮಗು ಅಷ್ಟು ಹೊತ್ತು ಕೂರುವುದೂ ಇಲ್ಲ, ಕೂತರೆ ಕೊನೆಯ ಅರ್ಧ ಗಂಟೆ ಕಣ್ಣು ಮಾತ್ರ ಪರದೆಯ ಮೇಲಿರುತ್ತದೆ.

ಉದ್ದದ ಸಿನಿಮಾವನ್ನು ಎರಡು ಸಂಜೆಗೆ ಮುರಿಯಿರಿ. ಭಯದ ದೃಶ್ಯದ ನಡುವೆ ಮಾತ್ರ ನಿಲ್ಲಿಸಬೇಡಿ, ಅದು ಮುಗಿದು ಎಲ್ಲರೂ ಕ್ಷೇಮ ಅಂತ ಕಂಡ ಮೇಲೆ ನಿಲ್ಲಿಸಿ. ಅರ್ಧಕ್ಕೆ ಬಿಟ್ಟ ಭಯ ಹಾಸಿಗೆಗೂ ಬರುತ್ತದೆ.

5. ಒಂದೇ ಹೆಸರು, ಬೇರೆ ಬೇರೆ ಸಿನಿಮಾ

ಇದು ಚಿಕ್ಕ ವಿಷಯ, ಆದರೆ ಎಡವಟ್ಟಾಗುವುದು ಜಾಸ್ತಿ ಇಲ್ಲೇ. ಕ್ರಿಸ್‌ಮಸ್ ಕದಿಯಲು ಹೊರಟ ಗ್ರಿಂಚ್ ಅನ್ನುವ ಹಸಿರು ಮುಸುಡಿಯ ಸಿನಿಮಾ ಮೂರಿವೆ. 1966ರದ್ದು 26 ನಿಮಿಷದ ಟಿವಿ ಕಾರ್ಟೂನು. 2000ದ್ದರಲ್ಲಿ ಜಿಮ್ ಕ್ಯಾರಿ ಮೈತುಂಬಾ ರೋಮದ ವೇಷ ಹಾಕಿ ಕಿರುಚಾಡುತ್ತಾನೆ, ಮೇಕಪ್ ಗಾಬರಿ ಹುಟ್ಟಿಸುವ ಹಾಗಿದೆ. 2018ರದ್ದು ಕಂಪ್ಯೂಟರ್ ಅನಿಮೇಷನ್, ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ, ಗ್ರಿಂಚ್ ಕೂಡ ಸ್ವಲ್ಪ ಮೆತ್ತಗಿದ್ದಾನೆ. ಐದಾರು ವರ್ಷಕ್ಕೆ ಮೊದಲನೆಯದೋ ಮೂರನೆಯದೋ ಸರಿ. ನಡುವಿನದ್ದು ಬೇಡ.

ಜಿಪುಣ ಸ್ಕ್ರೂಜ್‌ನ ಕಥೆಯೂ ಹಾಗೇ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದದ್ದು, ಆಮೇಲೆ ಅದರ ಮೇಲೆ ಎಷ್ಟೋ ಸಿನಿಮಾ ಬಂದಿವೆ. ಮೂಲದಲ್ಲೇ ಸರಪಳಿ ಎಳೆಯುವ ದೆವ್ವ ಇದೆ, ಗೋರಿ ಇದೆ. 2009ರ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಾರ್ಟೂನಿನ ಹಾಗೆ ಕಂಡರೂ ಪುಟ್ಟವರನ್ನು ಚೆನ್ನಾಗಿ ಬೆಚ್ಚಿಬೀಳಿಸುತ್ತದೆ. ಬೊಂಬೆಗಳಿರುವ 1992ರ ಮಪೆಟ್ ಆವೃತ್ತಿ ಇದ್ದುದರಲ್ಲಿ ಮೃದು, ಅದೂ ಏಳರ ಮೇಲೆ. ಒತ್ತುವ ಮೊದಲು ವರ್ಷ ನೋಡಿ.

6. ಸಾಂತಾ ಗುಟ್ಟು

ನಿಮ್ಮ ಮಗು ಕ್ರಿಸ್‌ಮಸ್ ತಾತನನ್ನು ನಿಜ ಅಂತ ನಂಬಿದೆಯಾ? ಶಾಲೆಯಲ್ಲಿ ಕಂಡದ್ದು ಪಿಟಿ ಮೇಷ್ಟ್ರೇ ಅಂತ ಆಗಲೇ ಕಂಡುಹಿಡಿದು ಸುಮ್ನೆ ಚಾಕೊಲೇಟಿಗೋಸ್ಕರ ಬಾಯಿ ಮುಚ್ಚಿಕೊಂಡಿದೆಯಾ? ನಂಬುವ ಮಗು ಮನೆಯಲ್ಲಿದ್ದರೆ, ಅವನು ಇದ್ದಾನೋ ಇಲ್ಲವೋ ಅನ್ನುವುದನ್ನೇ ಪ್ರಶ್ನೆ ಮಾಡುವ ಸಿನಿಮಾ ಹಾಕಬೇಡಿ. ಇದ್ದಾನೆ ಅಂತಲೇ ಮುಗಿದರೂ, ಇಲ್ಲದಿರಬಹುದು ಅನ್ನುವ ಯೋಚನೆಯನ್ನು ತಲೆಗೆ ಹಾಕುವುದು ಆ ಸಿನಿಮಾಗಳೇ. ‘ಪೋಲಾರ್ ಎಕ್ಸ್‌ಪ್ರೆಸ್’ ಪೂರ್ತಿ ನಿಂತಿರುವುದು ಈ ಅನುಮಾನದ ಮೇಲೆ. ಒಂದೇ ರಾತ್ರಿಯಲ್ಲಿ ಅಷ್ಟು ಮನೆಗೆ ಹೇಗೆ ಹೋಗುತ್ತಾನೆ ಅಂತ ಕೇಳುವ ವಯಸ್ಸಿನವರಿಗೆ ‘ಆರ್ಥರ್ ಕ್ರಿಸ್‌ಮಸ್’ ಒಳ್ಳೆಯದು, ಅವನ ಕಚೇರಿಯ ಲೆಕ್ಕಾಚಾರವನ್ನೆಲ್ಲ ಅದು ಬಿಡಿಸಿ ತೋರಿಸುತ್ತದೆ.

‘ಡಸ್ ದ ಡಾಗ್ ಡೈ’ ಅನ್ನುವ ಜಾಲತಾಣ ಇದೆ. ಯಾವ ಸಿನಿಮಾದಲ್ಲಿ ನಾಯಿ ಸಾಯುತ್ತದೆ ಅಂತ ಹೇಳಲು ಹುಟ್ಟಿಕೊಂಡದ್ದು, ಈಗ ಸಾಂತಾ ಗುಟ್ಟು ಬಯಲಾಗುತ್ತದಾ ಅನ್ನುವುದನ್ನೂ ನೋಡಿದವರು ಅಲ್ಲಿ ಬರೆದಿಡುತ್ತಾರೆ. ‘ಕಾಮನ್ ಸೆನ್ಸ್ ಮೀಡಿಯಾ’ ತಾಣದಲ್ಲಿ ಯಾವ ಸಿನಿಮಾ ಯಾವ ವಯಸ್ಸಿಗೆ ಅನ್ನುವುದು ಸಿಗುತ್ತದೆ, ಐಎಂಡಿಬಿ ಅನ್ನುವ ಸಿನಿಮಾ ತಾಣದ ಪೇರೆಂಟ್ಸ್ ಗೈಡ್‌ನಲ್ಲಿ ಭಯದ ದೃಶ್ಯಗಳ ವಿವರ ಸಿಗುತ್ತದೆ. ಐದು ನಿಮಿಷದ ಕೆಲಸ.

ಸಾಂತಾ ಬೇಡ, ಯೇಸು ಹುಟ್ಟಿದ ಕಥೆಯೇ ಬೇಕು ಅನ್ನುವವರಿಗೆ 2017ರ ‘ದ ಸ್ಟಾರ್’. ಒಂದು ಕತ್ತೆ ಮರಿಯ ಕಣ್ಣಿನಿಂದ ಬೆತ್ಲೆಹೇಮ್ ಪ್ರಯಾಣ ಹೇಳುವ ಅನಿಮೇಷನ್, ಸುಮಾರು 86 ನಿಮಿಷ. ಹೆರೋದ ರಾಜನ ಕಡೆಯ ಬೇಟೆಗಾರ, ಎರಡು ನಾಯಿಗಳು ಬೆನ್ನಟ್ಟುವ ಭಾಗ ಇದೆ. ನಾಯಿ ಅಂದರೆ ಹೆದರುವವರನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಮನೆಯಲ್ಲಿ ಗೋದಲಿ ಕಟ್ಟಿದ್ದರೆ ಸಿನಿಮಾ ಮುಗಿದ ಕೂಡಲೇ ಮಗು ಅಲ್ಲಿಗೆ ಓಡಿಹೋಗಿ ಕತ್ತೆಯನ್ನು ಹುಡುಕುತ್ತದೆ, ಮೊದಲೇ ಇಟ್ಟಿರಿ.

7. ನೀವು ಮೊದಲು ನೋಡಿ, ಪೂರ್ತಿ ಬೇಕಿಲ್ಲ

ಕಾಫಿ ಕುಯ್ಲಿನ ಕಾಲದಲ್ಲಿ ಯಾರಿಗೆ ಎರಡು ಗಂಟೆ ಪುರುಸೊತ್ತಿದೆ? ಮೊದಲ ಹತ್ತು ನಿಮಿಷ, ಮುಕ್ಕಾಲು ಭಾಗ ಕಳೆದಲ್ಲಿಂದ ಹತ್ತು ನಿಮಿಷ, ಕೊನೆಯ ಐದು ನಿಮಿಷ ನೋಡಿದರೆ ಸಾಕು. ಹೆಚ್ಚಿನ ಸಿನಿಮಾಗಳಲ್ಲಿ ಜೋರು ಗಲಾಟೆ ಆ ಮುಕ್ಕಾಲಿನ ಹತ್ತಿರವೇ ಇರುತ್ತದೆ. 2019ರ ‘ಕ್ಲೌಸ್’ ಇದಕ್ಕೆ ಅಪವಾದ, ಅದರ ಬೂದು ಬಣ್ಣದ ಕತ್ತಲ ಊರು, ಜಗಳಗಂಟ ಜನ ಎಲ್ಲ ಶುರುವಿನಲ್ಲೇ ಇದ್ದಾರೆ. ಹೋಗುತ್ತಾ ಹೋಗುತ್ತಾ ತಿಳಿಯಾಗುತ್ತದೆ. ಹೆಂಡತಿಯನ್ನು ಕಳೆದುಕೊಂಡವನ ದುಃಖ ಕಥೆಯ ಒಳಗಿದೆ, ಏಳರ ಮೇಲಿನವರಿಗೆ ಇಡಿ. ದೊಡ್ಡವರೂ ಮನಸ್ಸಿಟ್ಟು ನೋಡಬಹುದಾದ ಕ್ರಿಸ್‌ಮಸ್ ಅನಿಮೇಷನ್ ಯಾವುದು ಅಂದರೆ ನಾನು ಇದರ ಹೆಸರು ಹೇಳುತ್ತೇನೆ.

8. ಹಿಂದಿನ ದಿನದ ತಯಾರಿ

ಊರೊಳಗೆ ಇರುವವರಿಗೆ ತೊಂದರೆ ಇಲ್ಲ. ಬಾಳೆಹೊನ್ನೂರು, ಕಳಸದ ಕಡೆಯ ತೋಟದ ಮನೆಗಳಲ್ಲಿ ನೆಟ್‌ವರ್ಕ್ ಬೆಳಗ್ಗೆ ಒಂದು ಥರ, ಸಂಜೆ ಒಂದು ಥರ. ಪೇಟೆಗೆ ಹೋದಾಗ ಫೋನಿಗೋ ಟ್ಯಾಬಿಗೋ ಇಳಿಸಿಕೊಂಡು ಬನ್ನಿ. ಇಳಿಸಿದ್ದು ಟಿವಿಗೆ ಹೋಗುತ್ತದಾ ಅಂತ ಅವತ್ತೇ ಒಮ್ಮೆ ಹಾಕಿ ನೋಡಿ. ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಲಾನ್ ಇದ್ದರೆ ಅದು ಫೋನು, ಟ್ಯಾಬಿಗೆ ಮಾತ್ರ, ಟಿವಿಯಲ್ಲಿ ಓಡುವುದಿಲ್ಲ. ಕರೆಂಟು ಹೋದರೆ ಅಂತ ಫೋನು ಪೂರ್ತಿ ಚಾರ್ಜ್ ಇರಲಿ.

ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿ, ದೊಡ್ಡವರ ಪ್ರೊಫೈಲಿಗೆ ಪಿನ್ ಹಾಕಿ. ಒಂದು ಮುಗಿದ ತಕ್ಷಣ ಇನ್ನೊಂದು ತಾನಾಗಿ ಓಡುವ ಆಟೋಪ್ಲೇ ನಿಲ್ಲಿಸಿಬಿಡಿ. ಯೂಟ್ಯೂಬ್‌ನಲ್ಲಿ ಬಿಡಿ ತುಣುಕು ಹುಡುಕಿ ಕೊಟ್ಟು ಎದ್ದು ಹೋಗಬೇಡಿ. ಮಧ್ಯೆ ಬರುವ ಜಾಹೀರಾತು ಯಾವುದು ಅಂತ ಯಾರಿಗೆ ಗೊತ್ತು? ಮಕ್ಕಳ ಪಾತ್ರಗಳನ್ನೇ ಇಟ್ಟುಕೊಂಡು ಕೆಟ್ಟ ಕೊಳಕು ವಿಡಿಯೊ ಮಾಡುವವರೂ ಇದ್ದಾರೆ.

ಹೊತ್ತು ಸಂಜೆ ಐದೂವರೆ, ಆರು. ಮಲಗುವುದಕ್ಕೂ ಸಿನಿಮಾಕ್ಕೂ ನಡುವೆ ಊಟ, ಆಟ, ಒಂದಿಷ್ಟು ಜಗಳ ಎಲ್ಲ ಮುಗಿದಿರಬೇಕು. ದೀಪ ಆರಿಸಬೇಡಿ, ಕತ್ತಲಲ್ಲಿ ಸಣ್ಣ ಭಯವೂ ದೊಡ್ಡದಾಗುತ್ತದೆ. ಕೈಗೆ ಕೇಕ್ ತುಂಡೋ ಕಲ್‌ಕಲ್ಲೋ ಕೊಡಿ. ನಾಲ್ಕು ವರ್ಷದೊಳಗಿನವರಿಗೆ ಇಡೀ ಕಡ್ಲೆಕಾಯಿ ಬೀಜ, ಪಾಪ್‌ಕಾರ್ನ್ ಬೇಡ. ನಗುವಾಗ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

9. ನೋಡುವಾಗ, ನೋಡಿದ ಮೇಲೆ

ಪರದೆ ಬಿಟ್ಟು ಮಗುವಿನ ಮುಖ ನೋಡುತ್ತಿರಿ. ಬಾಯಿಗೆ ಬೆರಳು ಹೋಯಿತಾ, ಕಂಬಳಿ ಮೇಲೆ ಬಂತಾ, ಇದ್ದಕ್ಕಿದ್ದಂತೆ ನೀರು ಬೇಕು ಅಂದಿತಾ? ಹೆದರಿದೆ ಅಂತಲೇ ಲೆಕ್ಕ. ಇಷ್ಟಕ್ಕೆಲ್ಲಾ ಹೆದರುತ್ತಾರಾ ಅನ್ನಬೇಡಿ. ಇದೆಲ್ಲ ಸುಳ್ಳು, ನಟನೆ ಅಂತ ವಿವರಿಸುವುದು ಎಂಟರ ಮಗುವಿಗೆ ಕೆಲಸ ಮಾಡುತ್ತದೆ, ನಾಲ್ಕರ ಮಗುವಿಗೆ ಮಾಡುವುದಿಲ್ಲ. ಪುಟ್ಟವರಿಗೆ ಬೇಕಾದದ್ದು ತೊಡೆ, ಕಂಬಳಿ, ತಿನ್ನಲು ಏನಾದರೂ. ನಿಲ್ಲಿಸಿ ಅಂದರೆ ನಿಲ್ಲಿಸಿ. ದೊಡ್ಡ ಮಗು ಗಲಾಟೆ ಮಾಡಿದರೆ ಉಳಿದದ್ದನ್ನು ತಮ್ಮ ಮಲಗಿದ ಮೇಲೆ ತೋರಿಸಿ.

ರಾತ್ರಿ ಮಗು ಅದರ ಮಾತು ತೆಗೆದರೆ ಯಾವ ಜಾಗ ಹೆದರಿಕೆ ಆಯಿತು ಅಂತ ಕೇಳಿ, ಮಾರನೇ ದಿನ ಅದರ ಚಿತ್ರ ಬಿಡಿಸಲು ಹೇಳಿ, ಗೊಂಬೆಗೋ ರಾಕ್ಷಸನಿಗೋ ಒಂದು ಮೀಸೆ ಬರೆಯಿರಿ. ಆಮೇಲೆ 26ನೇ ತಾರೀಖು, 27, 28, ಹೊಸ ವರ್ಷದವರೆಗೂ ಮಗು ಅದೇ ಸಿನಿಮಾವನ್ನೇ ಕೇಳುತ್ತದೆ. ಅದನ್ನೇ ಹಾಕಿ. ಹೊಸದು ಹುಡುಕುವ ಕೆಲಸ ನಿಮಗೂ ತಪ್ಪಿತು.